ಪ್ಲಗ್ ಹೊಸದು, ಹಳದಿ ದೀಪ ಮಾತ್ರ ಆರುತ್ತಿಲ್ಲ: ಎಲ್ಲಿಂದ ಹುಡುಕಬೇಕು?

ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿ, ಕೈ ಒರೆಸಿಕೊಂಡು ಕೀ ತಿರುಗಿಸುತ್ತೀರಿ. ಎಂಜಿನ್ ಏನೋ ಶುರುವಾಗುತ್ತದೆ. ಆದರೆ ಐಡ್ಲಿಂಗ್‌ನಲ್ಲಿ ಸ್ಟೀರಿಂಗ್ ಸಣ್ಣಗೆ ನಡುಗುತ್ತಿದೆ, ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹಾಗೇ ಉರಿಯುತ್ತಿದೆ. ಸೆನ್ಸರ್ ಹೋಯಿತೇನೋ, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಯಿತೇನೋ ಅಂತ ತಲೆ ಬಿಸಿಯಾಗುತ್ತದೆ. ಪಕ್ಕದ ಮನೆಯವರು ಬಂದು ಬಾನೆಟ್ ಒಳಗೆ ಇಣುಕಿ, "ಪೆಟ್ರೋಲ್ ಸರಿಯಿಲ್ಲ ಬಿಡಿ" ಅಂತ ತೀರ್ಪು ಕೊಟ್ಟು ಹೋಗುತ್ತಾರೆ.

ನಿನ್ನೆ ಇಲ್ಲದ ದೋಷ ಇವತ್ತು ಬಂದಿದೆ ಅಂದರೆ ಮಧ್ಯೆ ನಡೆದದ್ದು ಒಂದೇ, ನಿಮ್ಮ ಕೈ ಎಂಜಿನ್ ಮೇಲೆ ಆಡಿದ್ದು. ಸೆನ್ಸರ್, ಪಂಪ್, ಇಸಿಎಂ ಎಲ್ಲ ಆಮೇಲೆ. ಕೈ ಎಲ್ಲೆಲ್ಲಿ ಹೋಗಿತ್ತೋ ಮೊದಲು ಅಲ್ಲಿ ಹುಡುಕಿ. ಬಿಚ್ಚಿದ್ದೇನು, ಸರಿಸಿದ್ದೇನು, ಮೊಣಕೈ ತಾಗಿದ್ದು ಎಲ್ಲಿಗೆ ಅಂತ ನೆನಪು ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ನಾನು ಇದನ್ನು ಸ್ವಂತ ಎಡವಟ್ಟಿನಿಂದ ಕಲಿತವನು, ಆ ಕಥೆ ಮುಂದೆ ಬರುತ್ತದೆ. ಇಲ್ಲಿ ಹೇಳುವುದು ಈಗಿನ ಮಾಮೂಲಿ ಪೆಟ್ರೋಲ್ ಕಾರಿನ ಬಗ್ಗೆ: ಮೂರೋ ನಾಲ್ಕೋ ಸಿಲಿಂಡರ್, ಪ್ರತಿ ಪ್ಲಗ್‌ನ ತಲೆ ಮೇಲೆ ಒಂದೊಂದು ಇಗ್ನಿಷನ್ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ).

ಮಿನುಗುತ್ತಿದೆಯೋ, ನಿಂತು ಉರಿಯುತ್ತಿದೆಯೋ?

ಬಾನೆಟ್ ತೆಗೆಯುವ ಮುಂಚೆ ದೀಪವನ್ನೇ ಒಂದು ನಿಮಿಷ ನೋಡಿ. ಸುಮ್ಮನೆ ಉರಿಯುತ್ತಿದ್ದರೆ ಅವಸರವಿಲ್ಲ. ಮಿನುಗುತ್ತಿದ್ದರೆ ಎಂಜಿನ್ ಆಫ್ ಮಾಡಿ, ರಸ್ತೆಯಲ್ಲಿದ್ದರೆ ನಿಧಾನಕ್ಕೆ ಬದಿಗೆ ಹಾಕಿ.

ಯಾಕೆಂದರೆ ಮಿನುಗು ಅಂದರೆ ಯಾವುದೋ ಸಿಲಿಂಡರ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂದರ್ಥ. ಅಲ್ಲಿ ಪೆಟ್ರೋಲ್ ಒಳಗೆ ಬರುತ್ತಿದೆ, ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಸೀದಾ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಪಿಂಗಾಣಿ ಅತಿಯಾಗಿ ಕಾದು ಕರಗುವುದೂ ಉಂಟು. ಆ ಒಂದು ಭಾಗದ ಬೆಲೆಗೆ ನಿಮ್ಮ ಗಾಡಿಯ ಜೀವಮಾನಕ್ಕೆ ಸಾಕಾಗುವಷ್ಟು ಪ್ಲಗ್ ಬರುತ್ತದೆ. "ಗ್ಯಾರೇಜ್ ಎರಡೇ ಕಿಲೋಮೀಟರ್, ಮೆಲ್ಲಗೆ ಹೋಗಿಬಿಡೋಣ" ಅನ್ನಬೇಡಿ.

ಇನ್ನೊಂದು ವಿಷಯ. ದೀಪ ಅದೇ ದಿನ ಬರಬೇಕು ಅಂತಿಲ್ಲ. ಸಣ್ಣ ಮಿಸ್ಸಿಂಗ್ ಆದರೆ ಸಾಮಾನ್ಯವಾಗಿ ಎರಡು ಓಡಾಟಗಳಲ್ಲಿ ಅದೇ ದೋಷ ಕಂಡ ಮೇಲೆ ದೀಪ ಹೊತ್ತಿಸುವ ಹಾಗೆ ಕಂಪ್ಯೂಟರ್ ಲೆಕ್ಕ ಇಟ್ಟಿರುತ್ತದೆ. ಭಾನುವಾರ ಪ್ಲಗ್ ಹಾಕಿ ಮಂಗಳವಾರ ದೀಪ ಬಂದರೂ ಅದು ಭಾನುವಾರದ ಕೆಲಸದ ಫಲವೇ ಇರಬಹುದು.

ಉರಿಯುತ್ತಿರುವುದು ಕೆಂಪು ಆಯಿಲ್ ದೀಪವೋ ಬ್ಯಾಟರಿ ದೀಪವೋ ಆಗಿದ್ದರೆ ಈ ಲೇಖನ ಬಿಡಿ, ಎಂಜಿನ್ ಆಫ್ ಮಾಡಿ ಅದನ್ನು ನೋಡಿ.

ಅಳಿಸುವ ಮುಂಚೆ ಓದಿ

ಎಲ್ಲರೂ ಮಾಡುವ ತಪ್ಪು ಒಂದಿದೆ: ಬ್ಯಾಟರಿಯ ಮೈನಸ್ ವೈರ್ ಹತ್ತು ನಿಮಿಷ ಬಿಚ್ಚಿಟ್ಟು ದೀಪ ಆರಿಸುವುದು. ದೀಪವೇನೋ ಆರುತ್ತದೆ. ಅದರ ಜೊತೆಗೆ ಯಾವ ಸಿಲಿಂಡರ್‌ನಲ್ಲಿ ಏನಾಯಿತು ಅನ್ನುವ ದಾಖಲೆಯೂ ಅಳಿಸಿಹೋಗುತ್ತದೆ, ಎಂಜಿನ್ ಇಷ್ಟು ದಿನ ಕಲಿತಿಟ್ಟುಕೊಂಡ ಇಂಧನದ ಲೆಕ್ಕವೂ ಹೋಗುತ್ತದೆ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಅದರ ಬದಲು ಕೋಡ್, ಅಂದರೆ ಕಂಪ್ಯೂಟರ್ ಬರೆದಿಟ್ಟ ದೋಷದ ನಂಬರ್ ಓದಿ. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿ-2 (ಗಾಡಿ ತನ್ನ ದೋಷ ತಾನೇ ಗುರುತಿಸಿ ದಾಖಲಿಸುವ ವ್ಯವಸ್ಥೆ) ಕಡ್ಡಾಯ. ಡ್ರೈವರ್ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡ್ ಕೆಳಗೆ, ಮೊಣಕಾಲಿನ ಹತ್ತಿರ ಕೈ ಆಡಿಸಿದರೆ 16 ಪಿನ್ನಿನ ಸಾಕೆಟ್ ಸಿಗುತ್ತದೆ. ಇಎಲ್‌ಎಂ327 ಹೆಸರಿನ ಬ್ಲೂಟೂತ್ ಅಡಾಪ್ಟರ್ ಅದಕ್ಕೆ ಚುಚ್ಚಿ, ಫೋನಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಥರದ ಆ್ಯಪ್ ಹಾಕಿಕೊಂಡರೆ ಸಾಕು. ಅಡಾಪ್ಟರ್ ಇಲ್ಲದಿದ್ದರೆ ಬೀದಿ ಕೊನೆಯ ಗ್ಯಾರೇಜಿನಲ್ಲಿ "ಸ್ಕ್ಯಾನಿಂಗ್ ಹಾಕಿ, ಅಳಿಸಬೇಡಿ, ನಂಬರ್ ಬರೆದುಕೊಡಿ" ಅನ್ನಿ. ಎರಡನೇ ಮಾತನ್ನು ಒತ್ತಿ ಹೇಳಿ, ಅಳಿಸಿಕೊಡುವುದೇ ರಿಪೇರಿ ಅಂದುಕೊಂಡವರು ಬಹಳ.

ಪ್ಲಗ್ ಕೆಲಸದ ನಂತರ ಹೆಚ್ಚಾಗಿ ಸಿಗುವ ಕೋಡ್‌ಗಳು ಇಷ್ಟೇ:

- ಪಿ0301, ಪಿ0302, ಪಿ0303, ಪಿ0304: ಕೊನೆಯ ಅಂಕೆ ಮಿಸ್ಸಿಂಗ್ ಹೊಡೆಯುತ್ತಿರುವ ಸಿಲಿಂಡರ್‌ನದು. ಪಿ0300 ಬಂದರೆ ಒಂದು ಕಡೆ ಅಲ್ಲ, ಅಲ್ಲಲ್ಲಿ.
- ಪಿ0351ರಿಂದ ಪಿ0354: ಆ ನಂಬರಿನ ಕಾಯಿಲ್‌ನ ವಿದ್ಯುತ್ ದಾರಿಯಲ್ಲಿ ತೊಂದರೆ.
- ಪಿ0171: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.
- ಪಿ0102 ಅಥವಾ ಪಿ0113: ಏರ್ ಫಿಲ್ಟರ್ ಹತ್ತಿರದ ಸೆನ್ಸರ್‌ಗಳು. ಪ್ಲಗ್ ಹಾಕಿದ ಮೇಲೆ ಇವು ಬಂದರೆ ಬಹುತೇಕ ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಹಾಕಲು ಮರೆತಿದ್ದೀರಿ.

ಒಂದನೇ ಸಿಲಿಂಡರ್ ಯಾವುದು? ಸಾಲಿನ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಬೆಲ್ಟ್ ಇರುವ ಬದಿಯದು ಒಂದು, ಗೇರ್‌ಬಾಕ್ಸ್ ಬದಿಯದು ಕೊನೆಯದು. ನಿಂತು ನೋಡುವಾಗ ಎಡವೋ ಬಲವೋ ಅನ್ನುವುದು ಗಾಡಿಯಿಂದ ಗಾಡಿಗೆ ಬದಲಾಗುತ್ತದೆ, ಬೆಲ್ಟ್ ಹುಡುಕಿಕೊಂಡೇ ಎಣಿಸಿ.

ಕೋಡ್ ಸಿಲಿಂಡರ್ ತೋರಿಸುತ್ತದೆ, ತಪ್ಪಿತಸ್ಥನನ್ನು ತೋರಿಸುವುದಿಲ್ಲ. ಕಂಪ್ಯೂಟರ್‌ಗೆ ಪ್ಲಗ್ ಕಾಣುವುದಿಲ್ಲ. ಪ್ರತಿ ಸಿಲಿಂಡರ್ ಉರಿದಾಗ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಗೆ ಒಂದು ತಳ್ಳು ಸಿಗುತ್ತದೆ, ಕ್ರ್ಯಾಂಕ್ ಸೆನ್ಸರ್ ಆ ವೇಗದ ಏರಿಳಿತ ನೋಡುತ್ತಿರುತ್ತದೆ. ಮೂರನೆಯದರ ಸರದಿಯಲ್ಲಿ ತಳ್ಳು ಬರದಿದ್ದರೆ ಪಿ0303 ಅಂತ ಬರೆದಿಡುತ್ತದೆ, ಅಷ್ಟೇ. ತಳ್ಳು ಯಾಕೆ ಬರಲಿಲ್ಲ, ಪ್ಲಗ್ಗೋ, ಕಾಯಿಲ್ಲೋ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ರೋ, ಅದು ನಮ್ಮ ತಲೆನೋವು.

ಕಣ್ಣು ಮತ್ತು ಬೆರಳು

ಎಂಜಿನ್ ತಣ್ಣಗಾಗಲಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಈಗ ಕಾಯಿಲ್‌ಗಳ ಕಪ್ಲರ್ ಒಂದೊಂದಾಗಿ ನೋಡಿ. ಕಣ್ಣಿಗೆ ಎಲ್ಲವೂ ಕೂತಂತೆಯೇ ಕಾಣುತ್ತವೆ, ಮೋಸ ಇರುವುದೇ ಅಲ್ಲಿ. ಕಪ್ಲರ್ ಪೂರ್ತಿ ಒಳಗೆ ಹೋದಾಗ "ಟಕ್" ಅಂತ ಲಾಕ್ ಬೀಳಬೇಕು, ಆಮೇಲೆ ವೈರ್ ಹಿಡಿಯದೆ ಕಪ್ಲರ್ ಹಿಡಿದು ಮೆಲ್ಲಗೆ ಎಳೆದರೆ ಬರಬಾರದು. ಎಂಟು ಹತ್ತು ವರ್ಷ ಎಂಜಿನ್ ಶಾಖ ತಿಂದ ಪ್ಲಾಸ್ಟಿಕ್ ಹಪ್ಪಳದ ಹಾಗಾಗಿರುತ್ತದೆ, ಬಿಚ್ಚುವಾಗಲೇ ಲಾಕ್‌ನ ನಾಲಿಗೆ ಮುರಿದಿರುತ್ತದೆ, ನಿಮಗೆ ಗೊತ್ತೂ ಆಗಿರುವುದಿಲ್ಲ. ಅಂಥದ್ದು ಮನೆ ಮುಂದೆ ಸರಿಯಿದ್ದು, ಮೊದಲ ಹಂಪ್‌ನಲ್ಲಿ ಕೈಕೊಡುತ್ತದೆ. ಸದ್ಯಕ್ಕೆ ಸಣ್ಣ ಕೇಬಲ್ ಟೈ ಕಟ್ಟಿ, ಹೊಸ ಕಪ್ಲರ್ ಹಾಕಿಸಿ.

ಹಾಗೇ ಪ್ರತಿ ಕಾಯಿಲ್‌ನ ಬೋಲ್ಟ್ ಬಿಗಿಯಾಗಿದೆಯೇ, ಕಾಯಿಲ್ ಪೂರ್ತಿ ಕೆಳಗೆ ಕೂತಿದೆಯೇ ನೋಡಿ. ಕೆಳಗಿನ ರಬ್ಬರ್ ಬೂಟ್ ಪ್ಲಗ್‌ನ ತಲೆಯನ್ನು ಕಚ್ಚಿಕೊಳ್ಳಬೇಕು, ಒಳಗಿನ ಸ್ಪ್ರಿಂಗ್ ಸೊಟ್ಟಗಾಗಿರಬಾರದು.

ಪ್ಲಗ್ ತಲುಪಲು ಏರ್ ಫಿಲ್ಟರ್ ಡಬ್ಬಿ ತೆಗೆದಿದ್ದಿರಾ? ಹಾಗಾದರೆ ಅಲ್ಲಿಗೂ ಹೋಗಿ. ಸೆನ್ಸರ್ ಕಪ್ಲರ್, ರಬ್ಬರ್ ಕೊಳವೆಯ ಕ್ಲಾಂಪ್, ವಾಲ್ವ್ ಕವರ್‌ನಿಂದ ಬರುವ ಬೆರಳು ಗಾತ್ರದ ಬ್ರೀದರ್ ಪೈಪ್, ಬ್ರೇಕ್ ಬೂಸ್ಟರ್ ಪೈಪ್, ಎಲ್ಲವೂ ಜಾಗದಲ್ಲಿರಬೇಕು. ಎಂಜಿನ್ ಓಡುವಾಗ "ಸ್ಸ್" ಅನ್ನುವ ಸದ್ದು ಕೇಳಿದರೆ ಕಳ್ಳ ಸಿಕ್ಕಿದ. ಎಂಎಎಫ್ ಸೆನ್ಸರ್ (ಒಳಗೆ ಹೋಗುವ ಗಾಳಿ ಅಳೆಯುವುದು) ಇರುವ ಗಾಡಿಯಲ್ಲಿ ಸೆನ್ಸರ್ ದಾಟಿದ ಮೇಲೆ ಎಲ್ಲೇ ಗಾಳಿ ನುಸುಳಿದರೂ ಅದು ಲೆಕ್ಕಕ್ಕೆ ಸಿಗದ ಗಾಳಿ, ಪಿ0171ಕ್ಕೆ ಅದೇ ದಾರಿ. ಆ್ಯಪ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ನೋಡಿ. ಪ್ಲಸ್ 10 ಶೇಕಡಾ ದಾಟಿ ಅಲ್ಲೇ ನಿಂತಿದ್ದರೆ ಕಂಪ್ಯೂಟರ್ ಎಲ್ಲಿಂದಲೋ ನುಗ್ಗಿದ ಗಾಳಿಗೆ ಪೆಟ್ರೋಲ್ ಸುರಿದು ಸರಿದೂಗಿಸುತ್ತಿದೆ ಅಂತ ಲೆಕ್ಕ.

ಕಪ್ಲರ್ ಬಿಚ್ಚಿಟ್ಟಾಗ ಯಾರಾದರೂ ಕೀ ಆನ್ ಮಾಡಿದ್ದರೇ ಅಂತಲೂ ಕೇಳಿ. ನಮ್ಮನೆಯಲ್ಲಿ ಒಮ್ಮೆ ಮಗ ಹಾಡು ಕೇಳಲು ಕೀ ತಿರುಗಿಸಿದ್ದ. ಅಷ್ಟು ಸಾಕು, ಕೆಲವು ಗಾಡಿಗಳಲ್ಲಿ ಕೋಡ್ ದಾಖಲಾಗಿಬಿಡುತ್ತದೆ. ಎಲ್ಲ ಸರಿಯಾಗಿ ಜೋಡಿಸಿ ಅಳಿಸಿದರೆ ಆಯಿತು, ಮತ್ತೆ ಬರುವುದಿಲ್ಲ.

ಅದಲುಬದಲು: ಖರ್ಚಿಲ್ಲದ ಪರೀಕ್ಷೆ

ಮೇಲಿನದೆಲ್ಲ ಸರಿಯಿದ್ದೂ ಮಿಸ್ಸಿಂಗ್ ನಿಂತಿಲ್ಲ ಅಂದರೆ ಮುಂದಿನ ಹೆಜ್ಜೆಗೆ ಹೊಸ ಭಾಗ ಕೊಳ್ಳಬೇಕಿಲ್ಲ. ಗಾಡಿಯಲ್ಲೇ ಬಿಡಿಭಾಗಗಳಿವೆ, ಪಕ್ಕದ ಸಿಲಿಂಡರ್‌ನಲ್ಲಿ.

ಪಿ0303 ಬಂದಿದೆ ಅಂದುಕೊಳ್ಳಿ. ಮೂರನೇ ಕಾಯಿಲ್ ತೆಗೆದು ಎರಡರ ಜಾಗಕ್ಕೆ, ಎರಡರದು ಮೂರಕ್ಕೆ ಹಾಕಿ. ಬೇರೆ ಏನನ್ನೂ ಮುಟ್ಟಬೇಡಿ. ಕೋಡ್ ಅಳಿಸಿ, ಗಾಡಿ ಓಡಿಸಿ. ಈಗ ಪಿ0302 ಬಂದರೆ ದೋಷ ಕಾಯಿಲ್ ಜೊತೆ ನಡೆದು ಹೋಗಿದೆ, ಕಾಯಿಲ್ ಬದಲಿಸಿ. ಮತ್ತೆ ಪಿ0303 ಬಂದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್‌ಗಳನ್ನು ಹಾಗೇ ಅದಲುಬದಲು ಮಾಡಿ. ಒಂದು ಸಲಕ್ಕೆ ಒಂದೇ ವಸ್ತು. ಕಾಯಿಲ್, ಪ್ಲಗ್ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಕೋಡ್ ಜಾಗ ಬದಲಿಸಿದರೂ ಯಾರ ಜೊತೆ ಹೋಯಿತು ಅಂತ ಹೇಳುವವರಿಲ್ಲ.

ನನ್ನ ಎಡವಟ್ಟು ಸಿಕ್ಕಿಬಿದ್ದದ್ದು ಹೀಗೆಯೇ. ಒಂಬತ್ತು ವರ್ಷದ ಗಾಡಿ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಇರಿಡಿಯಂ ಪ್ಲಗ್‌ಗಳು, ಮನೆ ಮುಂದೆ ಹೊಂಗೆ ಮರದ ನೆರಳು, ಭಾನುವಾರ. ಮಧ್ಯಾಹ್ನದ ಹೊತ್ತಿಗೆ ಪಿ0303. ಕಪ್ಲರ್ ನೋಡಿದೆ, ಸರಿ. ಕಾಯಿಲ್ ಬದಲಿಸಿದೆ, ಕೋಡ್ ಮೂರರಲ್ಲೇ ನಿಂತಿತು. "ಹೊಸ ಪ್ಲಗ್, ಅದರಲ್ಲೇನಿರುತ್ತೆ" ಅಂತ ಇಂಜೆಕ್ಟರ್ ಮೇಲೆ ಅನುಮಾನ ಪಟ್ಟು ಅರ್ಧ ದಿನ ಕಳೆದೆ. ಕೊನೆಗೆ ಸಂಜೆ ಪ್ಲಗ್ ಅದಲುಬದಲು ಮಾಡಿದೆ. ಕೋಡ್ ಎರಡಕ್ಕೆ ಬಂತು.

ಆ ಪ್ಲಗ್ ತೆಗೆದು ಬನಿಯನ್ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದೆ. ಬಿಳಿ ಪಿಂಗಾಣಿಯ ಮೇಲೆ, ಪಾನಾ ಹಾಕುವ ಷಟ್ಕೋನದ ಸ್ವಲ್ಪ ಮೇಲೆ, ಪೆನ್ಸಿಲ್‌ನಲ್ಲಿ ಎಳೆದಂಥ ಒಂದು ಕಪ್ಪು ಗೆರೆ. ಒರೆಸಿದರೆ ಹೋಗಲಿಲ್ಲ, ಉಗುರು ಆಡಿಸಿದರೆ ತಾಗಿತು. ಕೂದಲೆಳೆಯಷ್ಟು ಬಿರುಕು. ಸ್ಪಾರ್ಕ್ ತುದಿಗೆ ಹೋಗುವ ಬದಲು ಬಿರುಕಿನ ದಾರಿ ಹಿಡಿದು ಅಲ್ಲೇ ಲೋಹಕ್ಕೆ ಹಾರುತ್ತಿತ್ತು. ಆಗ ನೆನಪಾಯಿತು: ಬೆಳಗ್ಗೆ ಮೂರನೆಯದನ್ನು ಬಿಗಿಯುವಾಗ ಮೇಲಿದ್ದ ಪೈಪ್ ಅಡ್ಡ ಬಂದು ಸಾಕೆಟ್ ಸ್ವಲ್ಪ ಓರೆಯಾಗಿತ್ತು, "ಟಿಕ್" ಅಂತ ಒಂದು ಸಣ್ಣ ಸದ್ದು ಕೇಳಿತ್ತು. ಬಿಗಿಯಾಯಿತು ಅಂದುಕೊಂಡಿದ್ದೆ.

ಹಾಗಾಗಿ ಹಳೆಯ ಪ್ಲಗ್‌ಗಳನ್ನು ಅವತ್ತೇ ಗುಜರಿಗೆ ಹಾಕಬೇಡಿ. ಯಾವ ಸಿಲಿಂಡರ್‌ನದು ಅಂತ ನಂಬರ್ ಬರೆದು ಒಂದು ವಾರ ಇಟ್ಟುಕೊಳ್ಳಿ. ಹೊಸದರ ಮೇಲೆ ಅನುಮಾನ ಬಂದರೆ ಹಳೆಯದನ್ನೇ ವಾಪಸ್ ಹಾಕಿ ನೋಡಬಹುದು. ಹಳೆಯದರಲ್ಲಿ ಗಾಡಿ ನೆಟ್ಟಗೆ ಓಡಿದರೆ ವಾದ ಮುಗಿಯಿತು.

ಪ್ಲಗ್ ಕೈಗೆ ತೆಗೆದುಕೊಂಡಾಗ

ಪಿಂಗಾಣಿಯ ಬುಡದಲ್ಲಿ ಚಹಾ ಕಲೆಯಂಥ ಕಂದು ಉಂಗುರ ಇದ್ದರೆ ಹೆದರಬೇಡಿ, ಅದು ಹೆಚ್ಚಿನ ವೋಲ್ಟೇಜಿನ ಸುತ್ತ ಅಂಟಿದ ಎಣ್ಣೆ ಧೂಳು, ದೋಷವಲ್ಲ. ಉದ್ದಕ್ಕೆ ಇಳಿದ ಕಪ್ಪು ಗೆರೆ ಮಾತ್ರ ದೋಷ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಹೊರಗೆ ಚೆನ್ನಾಗಿ ಕಂಡರೂ ಹಾಕಬೇಡಿ. ಬಿದ್ದ ಪೆಟ್ಟಿಗೆ ತುದಿಯ ಗ್ಯಾಪ್ (ಕಿಡಿ ಹಾರುವ ಸಂದು) ಮುಚ್ಚಿಕೊಂಡಿರಬಹುದು, ಒಳಗೆ ಬಿರುಕು ಬಿಟ್ಟಿರಬಹುದು.

ಗ್ಯಾಪ್ ಎಷ್ಟಿದೆ ಅಂತ ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) ನೋಡಿ, ಆದರೆ ಇರಿಡಿಯಂ ತುದಿಗೆ ಗೇಜ್ ಒತ್ತಿ ಬಗ್ಗಿಸಲು ಹೋಗಬೇಡಿ, ಆ ಸೂಜಿ ಮೊನೆ ಮುರಿಯುತ್ತದೆ. ಮಾಮೂಲಿ ಎಂಜಿನ್‌ಗೆ 1 ಮಿಲಿಮೀಟರ್ ಆಸುಪಾಸು, ಟರ್ಬೊ ಇದ್ದರೆ 0.7ರಿಂದ 0.8 ಸಾಮಾನ್ಯ. ನಿಮ್ಮ ಗಾಡಿಯ ನಿಖರ ಅಳತೆ ಮ್ಯಾನ್ಯುಯಲ್‌ನಲ್ಲಿದೆ. ಸಿಎನ್‌ಜಿಯಲ್ಲಿ ಓಡುವ ಗಾಡಿಗೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಪೆಟ್ರೋಲ್‌ನಲ್ಲಿ ಸುಮ್ಮನಿದ್ದು ಸಿಎನ್‌ಜಿಗೆ ಬದಲಿಸಿದ ತಕ್ಷಣ ಮಿಸ್ಸಿಂಗ್ ಬಂದರೆ ಗ್ಯಾಪ್ ದೊಡ್ಡದಿದೆ, ಇಲ್ಲವೇ ಕಾಯಿಲ್ ಸೋಲುತ್ತಿದೆ.

ನಂಬರ್ ಹೋಲಿಸಿ. "ಎಲ್ಲ ಒಂದೇ ಸಾರ್, ಫಿಟ್ ಆಗುತ್ತೆ" ಅನ್ನುವ ಮಾತು ಥ್ರೆಡ್‌ನ ದಪ್ಪಕ್ಕೆ ಮಾತ್ರ ನಿಜ. ಥ್ರೆಡ್ ಉದ್ದ ಬೇರೆಯಾದರೆ ತುದಿ ಒಳಗೆ ಹೆಚ್ಚು ಚಾಚುತ್ತದೆ ಅಥವಾ ಹಿಂದೆಯೇ ಉಳಿಯುತ್ತದೆ. ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ತುದಿಯ ಶಾಖವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವ ಅಂಕೆಯಲ್ಲಂತೂ ಒಂದು ತಮಾಷೆಯಿದೆ: ಎನ್‌ಜಿಕೆ, ಡೆನ್ಸೊಗಳಲ್ಲಿ ಅಂಕೆ ದೊಡ್ಡದಾದಷ್ಟೂ ತಣ್ಣನೆಯ ಪ್ಲಗ್, ಬಾಷ್‌ನಲ್ಲಿ ಅದು ತಲೆಕೆಳಗು, ಅಂಕೆ ದೊಡ್ಡದಾದಷ್ಟೂ ಬಿಸಿ. ಒಂದು ಕಂಪನಿಯ ಅಂಕೆ ನೋಡಿ ಇನ್ನೊಂದನ್ನು ಕೇಳಿದರೆ ಎಡವುತ್ತೀರಿ.

ಪ್ಲಗ್ ಕೂರುವ ಗುಂಡಿಯಲ್ಲಿ ಟಾರ್ಚ್ ಬಿಡಿ. ತಳದಲ್ಲಿ ಎಣ್ಣೆ ನಿಂತಿದ್ದರೆ ವಾಲ್ವ್ ಕವರ್‌ನ ಸೀಲ್ ಸೋರುತ್ತಿದೆ. ಎಣ್ಣೆ ಮೊದಲೂ ಇತ್ತು, ಕಾಯಿಲ್ ತೆಗೆದು ಹಾಕುವಾಗ ಬೂಟ್‌ಗೆ ಹತ್ತಿಕೊಂಡು ಈಗ ಕಿಡಿ ಕದಿಯುತ್ತಿದೆ. ಒರೆಸಿ, ಸೀಲ್ ಹಾಕಿಸಿ. ನೀರು ನಿಂತಿದ್ದರೆ ಸರ್ವಿಸ್ ಸ್ಟೇಷನ್ನಿನಲ್ಲಿ ಎಂಜಿನ್‌ಗೆ ಪೈಪ್ ಹಿಡಿದಿದ್ದಾರೆ. ಕರಾವಳಿಯವರು ಕಪ್ಲರ್‌ನ ಪಿನ್‌ಗಳನ್ನೂ ನೋಡಿ, ಹಸಿರು ಕಿಲುಬು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ.

ಮತ್ತೆ ಹಾಕುವಾಗ ಪಾನಾ ಇಲ್ಲದೆ, ಸಾಕೆಟ್ ಮತ್ತು ಎಕ್ಸ್‌ಟೆನ್ಷನ್ ಅನ್ನು ಬರೀ ಬೆರಳಲ್ಲಿ ತಿರುಗಿಸಿ. ಎರಡು ಮೂರು ಸುತ್ತು ಸಲೀಸಾಗಿ ಇಳಿಯದಿದ್ದರೆ ಅಡ್ಡ ಥ್ರೆಡ್ ಹಿಡಿದಿದೆ, ಹಿಂದೆ ತಿರುಗಿಸಿ ಮೊದಲಿನಿಂದ ಹಾಕಿ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹೋದರೆ ಅದು ಬೇರೆಯೇ ದೊಡ್ಡ ಕಥೆ. 14 ಮಿಲಿಮೀಟರ್ ಥ್ರೆಡ್‌ನ ವಾಷರ್ ಪ್ಲಗ್‌ಗೆ 25ರಿಂದ 30 ನ್ಯೂಟನ್ ಮೀಟರ್, 12ರದಕ್ಕೆ 15ರಿಂದ 20. ಟಾರ್ಕ್ ರೆಂಚ್ ಇಲ್ಲದಿದ್ದರೆ ಹೊಸ ಪ್ಲಗ್ ಕೈಬಿಗಿ ಆದ ಮೇಲೆ ಸುಮಾರು ಅರ್ಧ ಸುತ್ತು. ಒಮ್ಮೆ ಬಿಗಿದು ತೆಗೆದ ಪ್ಲಗ್‌ನ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಅದಕ್ಕೆ ಹನ್ನೆರಡರಲ್ಲಿ ಒಂದು ಸುತ್ತು, ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು ಸಾಕು. ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ.

ಹಳೆಯ ಗಾಡಿ, ಉದ್ದನೆಯ ಪ್ಲಗ್ ವೈರ್‌ಗಳಿದ್ದರೆ ಇಷ್ಟೆಲ್ಲ ಬೇಡ, ಎರಡು ವೈರ್ ಅದಲುಬದಲಾಗಿವೆಯೇ ನೋಡಿ. ನಾಲ್ಕು ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ ಕಿಡಿಯ ಸರದಿ 1-3-4-2. ಮುಂದಿನ ಸಲ ಒಂದೊಂದೇ ವೈರ್ ತೆಗೆದು, ಒಂದೊಂದೇ ಪ್ಲಗ್ ಬದಲಿಸಿ.

ಅಳಿಸಿದ ಮೇಲೆ

ದೋಷ ಸಿಕ್ಕಿ ಸರಿಮಾಡಿದ ಮೇಲೆ ಆ್ಯಪ್‌ನಿಂದಲೇ ಕೋಡ್ ಅಳಿಸಿ. ಅಡಾಪ್ಟರ್ ಇಲ್ಲದವರು ಏನೂ ಮಾಡಬೇಕಿಲ್ಲ. ಸಾಮಾನ್ಯವಾಗಿ ಮೂರು ಓಡಾಟ ದೋಷವಿಲ್ಲದೆ ಕಳೆದರೆ ದೀಪ ತಾನಾಗಿ ಆರುತ್ತದೆ. ಪರೀಕ್ಷೆಗೆ ಮನೆ ಸುತ್ತ ಒಂದು ರೌಂಡ್ ಸಾಲದು. ಬೆಳಗಿನ ತಣ್ಣನೆ ಸ್ಟಾರ್ಟ್, ಟ್ರಾಫಿಕ್‌ನಲ್ಲಿ ನಿಂತು ಐಡ್ಲಿಂಗ್, ಎಸಿ ಹಾಕಿ ಒಂದು ಏರು, ಮೂರನೇ ಗೇರಿನಲ್ಲಿ ಕಡಿಮೆ ವೇಗದಿಂದ ಜೋರಾಗಿ ಎಳೆಸುವುದು, ಇಷ್ಟೂ ಆಗಲಿ. ಸೋಲುವ ಕಾಯಿಲ್ ಹೆಚ್ಚಾಗಿ ಬಾಯಿಬಿಡುವುದು ಆ ಕೊನೆಯದರಲ್ಲಿ.

ಕಾಯಿಲ್ ಬದಲಿಸಿದರೂ, ಪ್ಲಗ್ ಬದಲಿಸಿದರೂ ಕೋಡ್ ಅದೇ ಸಿಲಿಂಡರ್‌ನಲ್ಲಿ ಕೂತಿದ್ದರೆ ಉಳಿದದ್ದು ವೈರಿಂಗ್, ಇಂಜೆಕ್ಟರ್, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ). ವೈರಿಂಗ್ ಒಮ್ಮೆ ಕಣ್ಣಾಡಿಸಿ, ಇಲಿ ಕಡಿದಿದ್ದರೆ ಅಲ್ಲೇ ಕಾಣುತ್ತದೆ. ಇನ್ನೆರಡಕ್ಕೆ ಗ್ಯಾರೇಜಿಗೆ ಹೋಗಿ. ಹೋದಾಗ ನಾಚಿಕೆ ಬಿಟ್ಟು ನಡೆದದ್ದನ್ನೆಲ್ಲ ಹೇಳಿ: "ಪ್ಲಗ್ ನಾನೇ ಹಾಕಿದೆ, ಎರಡು ಮೂರರ ಕಾಯಿಲ್ ಅದಲುಬದಲು ಮಾಡಿದೆ, ಪ್ಲಗ್ಗೂ ಮಾಡಿದೆ, ಪಿ0303 ಜಾಗ ಬಿಟ್ಟು ಕದಲಿಲ್ಲ." ಇಷ್ಟು ಕೇಳಿದ ಮೆಕ್ಯಾನಿಕ್ ಮತ್ತೆ ಪ್ಲಗ್‌ನಿಂದ ಶುರುಮಾಡುವುದಿಲ್ಲ, ಕಂಪ್ರೆಷನ್ ಗೇಜ್ ಕೈಗೆ ತೆಗೆದುಕೊಳ್ಳುತ್ತಾನೆ.